ಸ್ವರ ಹೊಳೆಯದಾದಾಗ

ಪಲ್ಲವಿಗೆ ಮಟ್ಟು ಕೂಡಿಬಂದಿದೆ, ಚರಣಕ್ಕೆ ಬಾರದು. ಹಾರ್ಮೋನಿಯಮ್ಮಿನ ಮುಂದೆ ಕುಳಿತವನು ಅದೇ ನಾಲ್ಕು ಸ್ವರಗಳನ್ನು ಹಿಂದುಮುಂದಾಗಿ ಒತ್ತಿ ನೋಡುತ್ತಾನೆ. ಏನು ನುಡಿಸಿದರೂ ಎಲ್ಲೋ ಕೇಳಿದ್ದೇ ಅನ್ನಿಸುತ್ತದೆ. ಒಳಗಿನಿಂದ ಕಾಫಿ ಆರಿತೆಂದು ಕರೆ ಬರುತ್ತದೆ. ಪೆಟ್ಟಿಗೆ ಮುಚ್ಚಿ ಏಳುತ್ತಾನೆ. ಕವಿತೆಗಳಿಗೆ ರಾಗ ಕೂಡಿಸುವ ಹವ್ಯಾಸವುಳ್ಳವರ ಮನೆಯಲ್ಲಿ ಇದು ಅಪರೂಪದ ನೋಟವಲ್ಲ. ಈ ಲೇಖಕನಿಗೂ ಇದರ ಪರಿಚಯ ಚೆನ್ನಾಗಿಯೇ ಉಂಟು. ಒಂದೆರಡು ದಿನದ ಮಾತಾದರೆ ಚಿಂತೆಯಿಲ್ಲ. ಇದೇ ಸ್ಥಿತಿ ಮೂರು ವರ್ಷ ಎಳೆದರೆ ಹೇಗೆ? ಅದೂ ಸಂಗೀತ ರಚಿಸುವುದೇ ತನ್ನ ಬಾಳೆಂದು ನಂಬಿದವನಿಗೆ?

ರಷ್ಯದ ಸೆರ್ಗೇಯ್ ರಾಖ್ಮಾನಿನಾಫ್ ಅವರಿಗೆ ಹಾಗಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ಆಸಕ್ತಿಯುಳ್ಳ ಬಾನುಲಿ ಕೇಳುಗರಿಗೆ ಈ ಹೆಸರು ಹೊಸದಲ್ಲ. ಅವರ ಎರಡನೆಯ ಪಿಯಾನೋ ಕನ್ಸರ್ಟೊವನ್ನು ಹೆಸರು ತಿಳಿಯದೆಯೇ ಕೇಳಿ ಮೆಚ್ಚಿದವರೂ ಇರಬಹುದು. ಒಂದು ವಾದ್ಯ ಮುಂದೆ ನಿಂತು, ದೊಡ್ಡ ವಾದ್ಯವೃಂದದೊಡನೆ ಸಂಭಾಷಿಸುವಂತೆ ರಚಿಸಿದ, ಸಾಮಾನ್ಯವಾಗಿ ಮೂರು ಭಾಗಗಳ ಕೃತಿಗೆ ಕನ್ಸರ್ಟೊ ಎಂದು ಹೆಸರು. ಆ ಕೃತಿ ಹುಟ್ಟಿದ್ದು ಇಂಥ ಒಂದು ಮೌನದ ಕೊನೆಯಲ್ಲಿ.

ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮ ಸಂಗೀತಗಾರನಿಗೆ ಕಚೇರಿಯ ನಡುವೆ ಕಲ್ಪನೆ ಕೈಕೊಟ್ಟರೆ ಆಸರೆಗಳು ಹಲವು. ಷಡ್ಜಕ್ಕೆ ಬಂದು ನಿಲ್ಲಬಹುದು, ಪಿಟೀಲಿನವರಿಗೆ ಬಿಟ್ಟುಕೊಡಬಹುದು, ಪಾಠವಾದ ಸಂಗತಿಯೊಂದನ್ನು ಹಾಡಿ ಮುಂದೆ ಸಾಗಬಹುದು. ಮನೋಧರ್ಮ ಆ ಹೊತ್ತಿಗೆ ಒದಗಿದಷ್ಟು. ಯೂರೋಪಿನ ರಚನಕಾರನಾದರೋ ಎಪ್ಪತ್ತು ಎಂಬತ್ತು ಮಂದಿ ನುಡಿಸಬೇಕಾದ ಒಂದೊಂದು ಸ್ವರವನ್ನೂ ಮುಂಚೆಯೇ ಒಬ್ಬನೇ ಕುಳಿತು ಕಾಗದದ ಮೇಲೆ ಬರೆಯಬೇಕು. ಅಲ್ಲಿ ಕೈ ನಿಂತರೆ ಎತ್ತಿಕೊಡುವ ಪಕ್ಕವಾದ್ಯವಿಲ್ಲ. ಆದುದರಿಂದ ಆ ಮೌನಕ್ಕೆ ಭಾರ ಹೆಚ್ಚು.

ರಾಖ್ಮಾನಿನಾಫ್ ಹುಟ್ಟಿದ್ದು 1873ರಲ್ಲಿ. ಮೊದಮೊದಲು ಅವರಿಗೆ ರಚನೆ ಎಂಬುದು ನೀರು ಕುಡಿದಷ್ಟು ಸಲೀಸು. 1892ರಲ್ಲಿ ಮಾಸ್ಕೋ ಸಂಗೀತ ಶಾಲೆಯ ಕೊನೆಯ ಪರೀಕ್ಷೆಗಾಗಿ ‘ಅಲೆಕೊ’ ಎಂಬ ಗೀತನಾಟಕವನ್ನು ಕೆಲವೇ ವಾರಗಳಲ್ಲಿ ಮುಗಿಸಿ ದೊಡ್ಡ ಚಿನ್ನದ ಪದಕ ಪಡೆದರು. 1896ರ ಶರತ್ಕಾಲದಲ್ಲಿ ಹಣದ ಮುಗ್ಗಟ್ಟು ಬಂದಾಗ ಪಿಯಾನೋವಿಗೆ ಆರು ಕೃತಿಗಳನ್ನು ಎರಡು ಮೂರು ತಿಂಗಳಲ್ಲಿ ಬರೆದುಕೊಟ್ಟರು. ಬಡತನವಾಗಲಿ ಅವಸರವಾಗಲಿ ಅವರ ಲೇಖನಿಯನ್ನು ತಡೆಯಲಿಲ್ಲವೆಂಬುದನ್ನು ಗಮನಿಸಬೇಕು. ತಡೆದದ್ದು ಬೇರೆ.

1895ರ ಹೆಚ್ಚು ಭಾಗವನ್ನು ಅವರು ತಮ್ಮ ಮೊದಲ ಸಿಂಫನಿಗೆ ಮುಡಿಪಾಗಿಟ್ಟಿದ್ದರು. 1897ರ ಮಾರ್ಚ್ ತಿಂಗಳಲ್ಲಿ, ಅವರಿಗೆ ಇಪ್ಪತ್ತನಾಲ್ಕು ತುಂಬಲು ಕೆಲವೇ ದಿನಗಳಿದ್ದಾಗ, ಗ್ಲಾಜುನೋವ್ ಅವರ ನಿರ್ದೇಶನದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದರ ಪ್ರಥಮ ಪ್ರದರ್ಶನ. ತಾಲೀಮು ಸಾಲದೆ ವಾದ್ಯವೃಂದ ಎಡವಿತು. ರಚನಕಾರರು ಸಭಾಂಗಣದ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಆಗಾಗ ಕಿವಿ ಮುಚ್ಚಿಕೊಂಡರಂತೆ. ಮುಗಿದೊಡನೆ ಬೀದಿಗೆ ಓಡಿದರು. ಸೀಜರ್ ಕ್ವಿ ಎಂಬ ವಿಮರ್ಶಕರು, ತಾವೂ ಸಂಗೀತ ರಚನಕಾರರೇ, ಈ ಸಿಂಫನಿ ಬೈಬಲ್ಲಿನ ಈಜಿಪ್ಟಿನ ಹತ್ತು ಪಿಡುಗುಗಳ ವರ್ಣನೆಯಂತಿದೆ, ನರಕದಲ್ಲೊಂದು ಸಂಗೀತ ಶಾಲೆಯಿದ್ದರೆ ಅಲ್ಲಿಯವರಿಗೆ ಬಹಳ ಹಿಡಿಸುತ್ತಿತ್ತು ಎಂಬರ್ಥದಲ್ಲಿ ಪತ್ರಿಕೆಯಲ್ಲಿ ಬರೆದರು. ಬುದ್ಧಿವಂತ ವಿಮರ್ಶಕರಿಗೆ ಇಂಥ ವಾಕ್ಯ ಹೊಳೆದುಬಿಟ್ಟರೆ ಬರೆಯದೆ ಇರಲಾರರು. ಓದಬೇಕಾದವನ ಪಾಡು ಅವರ ಕಣ್ಣಿಗೆ ಬೀಳದು.

ಅಲ್ಲಿಂದ ಸುಮಾರು ಮೂರು ವರ್ಷ ಒಂದೆರಡು ಸಣ್ಣ ಹಾಡು, ತುಣುಕುಗಳ ಹೊರತು ದೊಡ್ಡ ಕೃತಿಯೊಂದೂ ಬರಲಿಲ್ಲ. ಹಾಗೆಂದು ಅವರು ಸುಮ್ಮನೆ ಕೂತಿರಲಿಲ್ಲ. 1897ರ ಶರತ್ಕಾಲದಲ್ಲಿ ಮಾಸ್ಕೋವಿನ ಒಂದು ಖಾಸಗಿ ಗೀತನಾಟಕ ಮಂಡಳಿಯಲ್ಲಿ ವಾದ್ಯವೃಂದ ನಿರ್ದೇಶನದ ಕೆಲಸಕ್ಕೆ ಸೇರಿದರು. ಮೊದಲ ತಾಲೀಮಿನಲ್ಲೇ ಫಜೀತಿ: ಗಾಯಕರಿಗೆ ಎತ್ತುಗಡೆಯ ಸನ್ನೆ ಕೊಡಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ. ಕಲಿತುಕೊಂಡರು. ಶಲ್ಯಾಪಿನ್ ಎಂಬ ಮಹಾಗಾಯಕರ ಸ್ನೇಹ ಅಲ್ಲಿಯೇ ಬೆಳೆಯಿತು. 1899ರ ವಸಂತದಲ್ಲಿ ಲಂಡನ್ನಿಗೆ ಹೋದಾಗ, ಮುಂದಿನ ಬಾರಿ ಬರುವಾಗ ಹೊಸ ಕನ್ಸರ್ಟೊ ತರುವೆನೆಂದು ಮಾತು ಕೊಟ್ಟು ಬಂದರು. ಮಾತು ಕೊಟ್ಟರೆ ಕೆಲಸ ತಾನಾಗಿ ಆದೀತು ಎಂದು ನಾವೂ ಎಣಿಸುವುದುಂಟಲ್ಲವೆ? ಆಗಲಿಲ್ಲ, ಕೊಟ್ಟ ಮಾತೇ ಇನ್ನೊಂದು ಹೊರೆಯಾಯಿತು.

ಬಂಧುಗಳು ಕಂಗೆಟ್ಟರು. ದೊಡ್ಡವರ ಬಾಯಿಂದ ಒಳ್ಳೆಯ ಮಾತು ಕೇಳಿದರೆ ಹುಡುಗ ಚೇತರಿಸಿಕೊಂಡಾನು ಎಂದು ಟಾಲ್‌ಸ್ಟಾಯ್ ಅವರ ಮನೆಗೆ ಕಳುಹಿಸಿದ್ದೂ ಆಯಿತು. ಒಂದು ಸಂಜೆ ಶಲ್ಯಾಪಿನ್ ಹಾಡಿದರು, ಇವರು ಪಿಯಾನೋ ನುಡಿಸಿದರು. ಕೇಳಿದ ಮುದುಕರು ಹೊಗಳಲಿಲ್ಲ. ಇಂಥ ಸಂಗೀತ ಯಾರಿಗಾದರೂ ಬೇಕಾಗಿದೆಯೇ ಎಂಬ ಅರ್ಥದ ಪ್ರಶ್ನೆ ಕೇಳಿದರು. ಉಪದೇಶಕ್ಕೆಂದು ಹೋದವನಿಗೆ ಸೀಜರ್ ಕ್ವಿ ಹೇಳಿದ್ದನ್ನೇ ಹಿರಿಯರೊಬ್ಬರು ಮತ್ತೆ ಹೇಳಿದಂತಾಯಿತು.

ಇಲ್ಲಿ ನಿಂತು ಯೋಚಿಸಿದರೆ ರೋಗದ ಮೂಲ ಕಾಣುತ್ತದೆ. ರಾಖ್ಮಾನಿನಾಫ್ ಅವರಲ್ಲಿ ಮಟ್ಟುಗಳು ಬತ್ತಿರಲಿಲ್ಲ. ಮಟ್ಟು ಹುಟ್ಟುವುದಕ್ಕೆ ಮೊದಲೇ ಅದನ್ನು ಕೇಳಿ ತಳ್ಳಿಹಾಕುವ ಒಬ್ಬ ಶ್ರೋತೃ ಅವರೊಳಗೆ ಬಂದು ಕುಳಿತಿದ್ದ. ಎರಡು ಸ್ವರ ಬರೆಯುವಷ್ಟರಲ್ಲಿ ಆತನ ತೀರ್ಪು ಸಿದ್ಧ. ನಮ್ಮ ಹಾರ್ಮೋನಿಯಮ್ಮಿನ ಗೆಳೆಯನಿಗೆ ‘ಎಲ್ಲೋ ಕೇಳಿದ್ದು’ ಎನ್ನಿಸುತ್ತದಲ್ಲ, ಅದೂ ಈ ಶ್ರೋತೃವಿನ ಮಾತೇ. ಆತ ಬೇಕು, ಇಲ್ಲವೆನ್ನಲಾಗದು; ಕೃತಿ ಮುಗಿದ ಮೇಲೆ ತಿದ್ದುವವನು ಆತನೇ. ಬರುವ ಹೊತ್ತು ಮಾತ್ರ ತಪ್ಪು.

1900ರ ಜನವರಿಯಿಂದ ಏಪ್ರಿಲ್‌ವರೆಗೆ ರಾಖ್ಮಾನಿನಾಫ್ ಮಾಸ್ಕೋವಿನ ವೈದ್ಯರಾದ ನಿಕೊಲಾಯ್ ದಾಲ್ ಅವರಲ್ಲಿಗೆ ದಿನವೂ ಹೋಗತೊಡಗಿದರು. ಆರಾಮಕುರ್ಚಿಯಲ್ಲಿ ಅರೆನಿದ್ರೆಯಲ್ಲಿರುವಾಗ, ಕನ್ಸರ್ಟೊ ಬರೆಯಲು ಆರಂಭಿಸುವಿರಿ, ಕೆಲಸ ಸಲೀಸಾಗಿ ಸಾಗುವುದು, ಕೃತಿ ಉತ್ತಮವಾಗಿರುವುದು ಎಂಬ ಭಾವದ ಮಾತುಗಳನ್ನು ವೈದ್ಯರು ಮತ್ತೆ ಮತ್ತೆ ಹೇಳುತ್ತಿದ್ದರು. ಈ ಸಂಗತಿ ಲೋಕಪ್ರಸಿದ್ಧವಾಗಿ, ಏನೋ ಇಂದ್ರಜಾಲ ನಡೆಯಿತೆಂಬಂತೆ ಹೇಳುವವರುಂಟು. ನನಗೆ ಹಾಗನ್ನಿಸುವುದಿಲ್ಲ. ದಾಲ್ ಅವರು ಸ್ವತಃ ವಿಯೋಲ ನುಡಿಸುತ್ತಿದ್ದ ಸಂಗೀತಪ್ರೇಮಿ. ಸಂಗೀತದ ವಿಷಯ ಬೇಕಾದಷ್ಟು ಮಾತನಾಡುತ್ತಿದ್ದರು. ನಿದ್ರೆ ಊಟಗಳು ಸರಿಹೋಗುವಂತೆಯೂ ನೋಡಿಕೊಂಡರು. ಮೂರು ತಿಂಗಳು, ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ, ತೀರ್ಪು ಕೊಡದೆ ಕೇಳುವ ಒಬ್ಬರ ಎದುರು ಕುಳಿತದ್ದು ಅರ್ಧ ಔಷಧಿಯಾಗಿರಬೇಕು. ಒಳಗಿನ ಶ್ರೋತೃವಿನ ಕುರ್ಚಿಯಲ್ಲಿ ಬೇರೊಬ್ಬರು ಬಂದು ಕೂತರೆನ್ನೋಣ.

ಆ ಬೇಸಿಗೆ ಶಲ್ಯಾಪಿನ್ ಜೊತೆ ಇಟಲಿಯಲ್ಲಿದ್ದು, ಊರಿಗೆ ಮರಳಿ ಬರೆಯಲು ಕುಳಿತರು. ಕುಳಿತ ರೀತಿಯೇ ಸ್ವಾರಸ್ಯ. ಮೂರು ಭಾಗಗಳ ಕೃತಿಯಲ್ಲಿ ಮೊದಲ ಭಾಗವನ್ನು ಮುಟ್ಟಲೇ ಇಲ್ಲ. ಎರಡನೆಯದನ್ನೂ ಮೂರನೆಯದನ್ನೂ ಮುಗಿಸಿದರು. ಎರಡನೆಯ ಭಾಗದ ಆರಂಭದಲ್ಲಿ ಪಿಯಾನೋ ಅಲೆಯಂತೆ ಮೆಲ್ಲನೆ ಏರಿಳಿಯುವ ಒಂದು ಸಂಚಾರ ಬರುತ್ತದೆ. ಅದು ಹೊಸದಾಗಿ ಹೊಳೆದದ್ದಲ್ಲ. 1891ರಲ್ಲಿ, ಒಂದೇ ಪಿಯಾನೋವಿನ ಮುಂದೆ ಮೂವರು ಅಕ್ಕತಂಗಿಯರು ಕೂಡಿ ನುಡಿಸಲೆಂದು ಬರೆದುಕೊಟ್ಟಿದ್ದ ಪುಟ್ಟ ಕೃತಿಯೊಂದರ ಪೀಠಿಕೆಯದು. ಒಂಬತ್ತು ವರ್ಷ ಹಿಂದಿನ ಕಾಗದದಿಂದ ಎತ್ತಿಕೊಂಡರು. ಹದಿನೆಂಟರ ಹುಡುಗ ಮನೆಮಂದಿಯ ಸಂತೋಷಕ್ಕೆ ಬರೆದದ್ದು. ಅದನ್ನು ಬರೆಯುವಾಗ ಯಾವ ವಿಮರ್ಶಕನೂ ಒಳಗಿರಲಿಲ್ಲ. ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕುವ ಅಭ್ಯಾಸವುಳ್ಳವರು ಇದನ್ನು ನೆನಪಿಡುವುದು ಒಳ್ಳೆಯದು. ನನ್ನ ಮಟ್ಟಿಗೆ, ಚರಣ ಬಾರದಿದ್ದಾಗ ಪಲ್ಲವಿಯನ್ನು ಮುಚ್ಚಿಟ್ಟು, ಕವಿತೆಯ ಕೊನೆಯ ಪದ್ಯದಿಂದ ಮಟ್ಟು ಕಟ್ಟತೊಡಗುವುದನ್ನು ಈ ಕಥೆ ಓದಿದ ಮೇಲೆಯೇ ಕಲಿತೆ. ಎಲ್ಲ ಸಲವೂ ಕೂಡಿಬರುತ್ತದೆಂದು ಹೇಳಲಾರೆ.

1900ರ ಡಿಸೆಂಬರಿನಲ್ಲಿ ಆ ಎರಡು ಭಾಗಗಳನ್ನಷ್ಟೇ ಮಾಸ್ಕೋವಿನಲ್ಲಿ ಸಭೆಯ ಮುಂದೆ ನುಡಿಸಿದರು. ವೃಂದವನ್ನು ನಡೆಸಿದವರು ಸೋದರಬಂಧುವಾದ ಸಿಲೋಟಿ. ಜನ ಮೆಚ್ಚಿದರು. ಅರೆಬರೆಯಾದದ್ದನ್ನು ಹೊರಗೆ ತೋರಿಸಬಾರದೆಂಬ ನಿಯಮವನ್ನು ಮುರಿದದ್ದರಿಂದ ಇಲ್ಲಿ ಲಾಭವೇ ಆಯಿತು. ಮೊದಲ ಭಾಗ ಮುಗಿದದ್ದು 1901ರಲ್ಲಿ. ದೂರದ ಗಂಟೆಯ ನಾದದಂತೆ ಪಿಯಾನೋ ಒಂದೇ ನುಡಿಸುವ ಕೆಲವು ಸ್ವರಗುಚ್ಛಗಳು ಮೆಲ್ಲಗೆ ತೊಡಗಿ, ಹಂತಹಂತವಾಗಿ ಬಲಿತು, ವಾದ್ಯವೃಂದವನ್ನು ಎಬ್ಬಿಸುವ ಆ ಪ್ರಸಿದ್ಧ ಆರಂಭ ಎಲ್ಲಕ್ಕಿಂತ ಕೊನೆಗೆ ಬಂದ ಭಾಗಕ್ಕೆ ಸೇರಿದ್ದು. ಪೂರ್ಣ ಕೃತಿಯ ಪ್ರದರ್ಶನ 1901ರ ನವೆಂಬರಿನಲ್ಲಿ. ಅದಕ್ಕೆ ಕೆಲವೇ ದಿನ ಮೊದಲು ಸಹಪಾಠಿಯಾಗಿದ್ದ ಮಿತ್ರರೊಬ್ಬರು ಮೊದಲ ಭಾಗದಲ್ಲಿ ದೋಷವೊಂದನ್ನು ಎತ್ತಿ ತೋರಿಸಿದರು. ಹಳೆಯ ನಡುಕ ಮತ್ತೆ ಬಂತು. ಆ ಭಾಗವೆಲ್ಲ ಕೆಟ್ಟುಹೋಯಿತೆಂದು ಪತ್ರ ಬರೆದರು. ಆದರೆ ಈ ಸಲ ನುಡಿಸುವುದನ್ನು ಬಿಡಲಿಲ್ಲ. ಕೃತಿಯನ್ನು ಡಾಕ್ಟರ್ ದಾಲ್ ಅವರಿಗೆ ಅರ್ಪಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಮುಗಿಯಲಿಲ್ಲ. ಕ್ರಾಂತಿಯ ಬಳಿಕ, 1917ರ ಡಿಸೆಂಬರಿನಲ್ಲಿ, ಹೆಂಡತಿ ಮಕ್ಕಳೊಡನೆ ರಷ್ಯ ಬಿಟ್ಟರು. ಅಮೆರಿಕದಲ್ಲಿ ಹೊಟ್ಟೆಪಾಡಿಗೆ ಪಿಯಾನೋ ಕಚೇರಿ, ಊರಿಂದೂರಿಗೆ ರೈಲು. 1926ರವರೆಗೆ ಹೇಳಿಕೊಳ್ಳುವಂಥ ಹೊಸ ಕೃತಿ ಬರಲಿಲ್ಲ. ಈ ಮೌನ ಮೊದಲನೆಯದಕ್ಕಿಂತ ಬಹುವಾಗಿ ದೀರ್ಘ. ಈಗ ಅವರ ಕೀರ್ತಿಗೆ ಕೊರತೆಯಿಲ್ಲ, ಹಣಕ್ಕೂ ಇಲ್ಲ; ಒಳಗಿನ ನಿಂದಕನನ್ನು ಪೂರ್ತಿ ದೂರುವಂತಿಲ್ಲ. ದೇಶ ಬಿಟ್ಟಾಗ ರಚಿಸುವ ಆಸೆಯೂ ಬಿಟ್ಟುಹೋಯಿತೆಂದು ಮುಂದೆ ತಾವೇ ಹೇಳಿಕೊಂಡರು. ಏಕೆ ಬರೆಯುತ್ತಿಲ್ಲವೆಂದು ಗೆಳೆಯ ನಿಕೊಲಾಯ್ ಮೆಟ್ನರ್ ಕೇಳಿದಾಗ, ಮಟ್ಟೇ ಇಲ್ಲದೆ ಬರೆಯುವುದು ಹೇಗೆ ಎಂಬಂತೆ ಉತ್ತರ ಕೊಟ್ಟರಂತೆ. ಇದಕ್ಕೆ ದಾಲ್ ಅವರ ಆರಾಮಕುರ್ಚಿ ಮದ್ದಲ್ಲ. ಕಚೇರಿಗಳನ್ನು ಬದಿಗಿಟ್ಟು 1926ರಲ್ಲಿ ಬಿಡುವು ಮಾಡಿಕೊಂಡ ಮೇಲೆ ನಾಲ್ಕನೆಯ ಕನ್ಸರ್ಟೊ ಮುಗಿಯಿತು. ಅದನ್ನು ಮೆಟ್ನರ್ ಅವರಿಗೇ ಅರ್ಪಿಸಿದರು. ಅವರೂ ತಮ್ಮ ಎರಡನೆಯ ಕನ್ಸರ್ಟೊವನ್ನು ಇವರಿಗೆ ಅರ್ಪಿಸಿದ್ದಾರೆ.

ಮೆಟ್ನರ್ ಹೆಸರು ನಮಗೆ ತೀರ ಪರಕೀಯವಲ್ಲ. ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿದ್ದ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಗ್ರಾಮಾಫೋನು ತಟ್ಟೆಗಳಲ್ಲಿ ಉಳಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು, ತಾವೂ ಅನೇಕ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿದರು. ಕಾಯುವ ಕಿವಿಯೊಂದು ಎಲ್ಲೋ ಇದೆಯೆಂಬುದು ಮುದಿ ರಚನಕಾರನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಲ್ಲವರೇ ಬಲ್ಲರು.

ರಾಖ್ಮಾನಿನಾಫ್ ಅವರಿಗಾದರೋ ಬೇಕಾಗಿದ್ದದ್ದು ಮನೆ. ಸ್ವಿಟ್ಜರ್‌ಲೆಂಡಿನ ಸರೋವರದ ದಡದಲ್ಲಿ ‘ಸೆನಾರ್’ ಎಂಬ ಮನೆ ಕಟ್ಟಿಸಿ, ತೋಟ ಹಾಕಿಸಿದರು. 1934ರ ಜುಲೈ ಆರಂಭದಿಂದ ಆಗಸ್ಟ್ ನಡುವಿನವರೆಗೆ, ಏಳು ವಾರಗಳೊಳಗೆ, ಅಲ್ಲಿ ಪಗನೀನಿಯ ಮಟ್ಟೊಂದನ್ನಾಧರಿಸಿ ‘ರಾಪ್ಸೊಡಿ’ ಬರೆದು ಮುಗಿಸಿದರು. ಹಳೆಯ ಸಲೀಸು ಬಂದಿತ್ತು.

ಕೊನೆಯ ಕೃತಿ 1940ರಲ್ಲಿ ಬರೆದ ‘ಸಿಂಫನಿಕ್ ಡಾನ್ಸಸ್’. ಅದರ ಮೊದಲ ಭಾಗ ಮುಗಿಯುವ ಹೊತ್ತಿಗೆ ತಂತಿವಾದ್ಯಗಳಲ್ಲಿ ಶಾಂತವಾದ ಒಂದು ಮಟ್ಟು ಏಳುತ್ತದೆ. 1897ರಲ್ಲಿ ಸೋತುಹೋದ ಆ ಸಿಂಫನಿಯದೇ ಮಟ್ಟದು. ಆ ಸಿಂಫನಿಯನ್ನು ಅವರು ಮತ್ತೆಂದೂ ಪ್ರದರ್ಶಿಸಗೊಡಲಿಲ್ಲ, ಅಚ್ಚಿಗೂ ಕೊಡಲಿಲ್ಲ. ಅದರ ಹಸ್ತಪ್ರತಿ ರಷ್ಯದಲ್ಲೇ ಉಳಿದು ಕಾಣೆಯಾಗಿತ್ತು. ಆದ್ದರಿಂದ 1941ರ ಜನವರಿಯಲ್ಲಿ ಫಿಲಡೆಲ್ಫಿಯದ ಸಭೆ ಅದನ್ನು ಕೇಳಿದಾಗ ಗುರುತು ಹಿಡಿಯುವವರು ಯಾರೂ ಇರಲಿಲ್ಲ. 1943ರಲ್ಲಿ ರಾಖ್ಮಾನಿನಾಫ್ ತೀರಿಕೊಂಡರು. ಮುಂದೆ ಲೆನಿನ್‌ಗ್ರಾಡಿನ ಸಂಗೀತ ಶಾಲೆಯಲ್ಲಿ ಆ ಸಿಂಫನಿಯ ವಾದ್ಯಗಳ ಬಿಡಿ ಪ್ರತಿಗಳು ಸಿಕ್ಕವು. ಅವುಗಳಿಂದ ಇಡಿಯ ಕೃತಿಯನ್ನು ಕೂಡಿಸಿ, 1945ರ ಅಕ್ಟೋಬರಿನಲ್ಲಿ ಮಾಸ್ಕೋವಿನಲ್ಲಿ ಎರಡನೆಯ ಬಾರಿ ನುಡಿಸಿದರು.