ರಜೆಯ ಮಜಾಕ್ಕೆ ದೂರ ಹೋಗಬೇಕಿಲ್ಲ

ಪರೀಕ್ಷೆ ಮುಗಿದು ರಜೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಮನೆಮನೆಯಲ್ಲೂ ಒಂದೇ ರಾಗ. ‘ಅಮ್ಮಾ, ಬೋರಾಗ್ತಿದೆ, ಎಲ್ಲಾದ್ರೂ ಕರ್ಕೊಂಡು ಹೋಗು’. ಟೀವಿ ಆಫ್ ಮಾಡಿದರೆ ಮೊಬೈಲು, ಮೊಬೈಲು ಕಿತ್ತುಕೊಂಡರೆ ಅಣ್ಣ–ತಂಗಿಯ ಜಗಳ. ಊಟಿ, ಕೊಡೈಕೆನಾಲ್ ಅಂತ ಹೊರಡೋಣವೆಂದರೆ ಯಜಮಾನರಿಗೆ ರಜೆ ಇಲ್ಲ, ಜೇಬಿಗೂ ಭಾರ.

ಚಿಂತೆ ಬಿಡಿ. ಮಕ್ಕಳಿಗೆ ಬೇಕಿರುವುದು ಓಡಲು ಒಂದಷ್ಟು ಜಾಗ, ಆಡಲು ಮಣ್ಣು, ನೀರು, ಜತೆಗೆ ಅಪ್ಪ–ಅಮ್ಮ. ಇವೆಲ್ಲ ಹತ್ತಿರದ ಪಾರ್ಕು, ಆಟದ ಮೈದಾನ, ಕಡಲತೀರದಲ್ಲಿ ಅರ್ಧ ದಿನದಲ್ಲೇ ಸಿಗುತ್ತವೆ. ಹೊರಡುವ ಮುನ್ನ ಒಂದಿಷ್ಟು ಯೋಜನೆ ಇರಲಿ, ಅಷ್ಟೆ.

ಎಲ್ಲಿಗೆ ಹೋಗೋಣ?

ಬೆಂಗಳೂರಿನವರಿಗೆ ಲಾಲ್‌ಬಾಗ್ ಇದ್ದೇ ಇದೆ. ಹೈದರಾಲಿ 1760ರಲ್ಲಿ ಶುರು ಮಾಡಿದ ಈ ತೋಟ ಇಂದು 240 ಎಕರೆಯಷ್ಟಿದೆ. ಇಲ್ಲಿನ ಬಂಡೆಯ ಮೇಲೆ ಮಕ್ಕಳನ್ನು ಹತ್ತಿಸಿ, ‘ಇದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು, ಡೈನೋಸಾರ್‌ಗಿಂತಲೂ ಎಷ್ಟೋ ಹಳೇದು’ ಎಂದು ಹೇಳಿ ನೋಡಿ, ಕಣ್ಣರಳಿಸುತ್ತಾರೆ. 1870ರಲ್ಲಿ ಆರಂಭವಾದ ಕಬ್ಬನ್ ಪಾರ್ಕಿನಲ್ಲಿ ದೊಡ್ಡ ಮರಗಳ ನೆರಳಿದೆ. ಎರಡಕ್ಕೂ ಮೆಟ್ರೊ ನಿಲ್ದಾಣ ಹತ್ತಿರ. ಪಾರ್ಕಿಂಗ್ ತಲೆನೋವಿಲ್ಲ, ಮಕ್ಕಳಿಗೆ ರೈಲಿನ ಮಜಾನೂ ಸಿಕ್ಕಂತಾಯಿತು.

ಮೈಸೂರಿನಲ್ಲಿ 1892ರಷ್ಟು ಹಳೆಯ ಮೃಗಾಲಯ, ಅದರ ಮಗ್ಗುಲಲ್ಲೇ ಕಾರಂಜಿ ಕೆರೆ. ಸಾಮಾನ್ಯವಾಗಿ ಮಂಗಳವಾರ ಎರಡಕ್ಕೂ ರಜೆ, ಆ ದಿನ ಹೊರಡಬೇಡಿ. ಕರಾವಳಿಯವರಿಗೆ ಪಣಂಬೂರು, ಮಲ್ಪೆ, 1901ರ ದೀಪಸ್ತಂಭವಿರುವ ಕಾಪು ಇವೆ. ಪಡುಬಿದ್ರಿ ಮತ್ತು ಹೊನ್ನಾವರ ಬಳಿಯ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತ್ತು. ಇವ್ಯಾವುದೂ ಹತ್ತಿರ ಇಲ್ಲವೇ? ಬಡಾವಣೆಯ ಪಾರ್ಕು, ಶಾಲೆಯ ಮೈದಾನವೂ ಸಾಕು. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್ ಕೆಂಪಗೆ ಅರಳಿರುತ್ತದೆ. ಬಿದ್ದ ಹೂ, ಕಾಯಿ, ಎಲೆ ಆರಿಸುವ ಆಟ ಹಚ್ಚಿದರೆ ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ಹೊತ್ತು ನೋಡಿ ಹೊರಡಿ

ಬೆಳಿಗ್ಗೆ 6ಕ್ಕೆ ಹೊರಟು ಹತ್ತರೊಳಗೆ ಮನೆ ಸೇರಿ, ಇಲ್ಲವೇ ಸಂಜೆ 4ರ ನಂತರ ಹೊರಡಿ. ನಡುಹಗಲಿನ ಬಿಸಿಲಲ್ಲಿ ಜಾರುಬಂಡಿ ಕಾದ ಕಾವಲಿಯಂತಿರುತ್ತದೆ. ಮಗುವನ್ನು ಕೂರಿಸುವ ಮುನ್ನ ನಿಮ್ಮ ಅಂಗೈಯ ಹಿಂಭಾಗ ಒತ್ತಿ ನೋಡಿ. ನಿಮಗೆ ಚುರುಕ್ ಎಂದರೆ ಮಗುವಿನ ತೊಡೆಗೆ ಬೊಬ್ಬೆಯೇ ಏಳಬಹುದು. ಮರಳಿನಲ್ಲೂ ಚಪ್ಪಲಿ ಬಿಡಿಸಬೇಡಿ. ಬಾಯಾರಿಕೆ ಆಗಲಿ ಎಂದು ಕಾಯದೆ ಆಗಾಗ ನೀರು, ಮಜ್ಜಿಗೆ, ಪಾನಕ ಕುಡಿಸಿ.

ಸಂಜೆ ಮೋಡ ಕವಿದು ಗುಡುಗಿದರೆ ಆಟ ಸಾಕು ಮಾಡಿ. ಮರದ ಕೆಳಗೆ ನಿಂತರೆ ಸಿಡಿಲಿನ ಭಯವೂ ಉಂಟು, ಕೊಂಬೆ ಮುರಿದು ಬೀಳುವ ಭಯವೂ ಉಂಟು. ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ.

ಮಕ್ಕಳನ್ನು ಯಾರು ನೋಡ್ತಿದ್ದಾರೆ?

ದೊಡ್ಡವರು ಆರು ಜನ, ಮಕ್ಕಳು ನಾಲ್ವರು. ಸಮುದ್ರದ ದಂಡೆಯಲ್ಲಿ ಚಾಪೆ ಹಾಸಿದ್ದಾಯಿತು. ಅಪ್ಪ ಫೋಟೊ ತೆಗೀತಿದ್ದಾರೆ, ಅತ್ತೆ–ಮಾವ ಮಾತಾಡ್ತಿದ್ದಾರೆ, ಚಿಕ್ಕಪ್ಪನ ಕೈಯಲ್ಲಿ ಮೊಬೈಲು. ಎಲ್ಲರೂ ‘ಅಮ್ಮ ನೋಡ್ಕೊಳ್ತಾಳೆ’ ಅಂದುಕೊಂಡಿದ್ದಾರೆ. ಅಮ್ಮ ತಟ್ಟೆಗೆ ಪುಳಿಯೋಗರೆ ಬಡಿಸ್ತಿದ್ದಾಳೆ! ಎಲ್ಲರೂ ಇದ್ದೂ ಯಾರೂ ನೋಡದ ಆ ಎರಡು ನಿಮಿಷವೇ ಅಪಾಯದ ಹೊತ್ತು.

ಸಿನಿಮಾದಲ್ಲಿ ತೋರಿಸುವಂತೆ ಮುಳುಗುವ ಮಗು ‘ಕಾಪಾಡಿ’ ಎಂದು ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ದನಿ ಹೊರಡುವುದೆಲ್ಲಿಂದ? ಸದ್ದಿಲ್ಲದೆ ಮುಳುಗಿಬಿಡುತ್ತದೆ. ಸಮುದ್ರದಲ್ಲಿ ಇನ್ನೊಂದು ಮೋಸವಿದೆ. ಅಲೆ ಏಳದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಕೆಲವೊಮ್ಮೆ ನೀರು ರಭಸದಿಂದ ಒಳಕ್ಕೆ ಎಳೆಯುತ್ತಿರುತ್ತದೆ. ದೊಡ್ಡವರೂ ಇದರ ಎದುರು ಈಜಿ ಸೋಲುತ್ತಾರೆ. ಸಿಕ್ಕಿಬಿದ್ದರೆ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿಯಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದನ್ನು ಮರೆಯುವುದು ಹೇಗೆ?

ಅದಕ್ಕೇ ಪಾಳಿ ಹಾಕಿಕೊಳ್ಳಿ. 20 ನಿಮಿಷ ಅಪ್ಪ, ಆಮೇಲೆ ಚಿಕ್ಕಪ್ಪ, ನಂತರ ನೀವು. ಪಾಳಿಯಲ್ಲಿರುವವರ ಕೈಗೆ ಮೊಬೈಲು ಇಲ್ಲ, ಹರಟೆ ಇಲ್ಲ. ಬದಲಾಗುವಾಗ ‘ಈಗ ನಾನು ನೋಡ್ತೀನಿ’ ಎಂದು ಬಾಯಿಬಿಟ್ಟು ಹೇಳಬೇಕು. ಪುಟ್ಟ ಮಕ್ಕಳು ಪಾದ ಮುಳುಗುವಷ್ಟು ನೀರಿನಲ್ಲಿ ಕೈ ಹಿಡಿದುಕೊಂಡೇ ಆಡಲಿ. ಗಾಳಿ ತುಂಬಿದ ಟ್ಯೂಬ್ ನಂಬಬೇಡಿ, ಗಾಳಿ ಬೀಸಿದರೆ ಅದೇ ಒಳಕ್ಕೆ ಒಯ್ಯುತ್ತದೆ. ಮೇ ಕೊನೆಗೆ, ಮಳೆಗಾಲ ಸಮೀಪಿಸಿದಂತೆ ಕಡಲು ಕೆರಳುತ್ತದೆ. ಆಗ ದಡದ ಮರಳಾಟವೇ ಸಾಕು.

ಅಮ್ಮನಿಗೂ ಬೇಕು ರಜೆ

ನಾಲ್ಕು ಗಂಟೆಗೆ ಎದ್ದು ಅಡುಗೆ, ಅಲ್ಲಿ ಹೋಗಿ ಬಡಿಸುವುದು, ಬಂದಮೇಲೆ ಮರಳು ಮೆತ್ತಿದ ಬಟ್ಟೆ ಒಗೆಯುವುದು... ಇದಕ್ಕೆ ಪಿಕ್‌ನಿಕ್ ಅನ್ನುತ್ತಾರೆಯೇ? ಕೆಲಸ ಹಂಚಿಬಿಡಿ. ನೀರಿನ ಬಾಟಲಿ ತುಂಬುವುದು ಮಗನ ಪಾಲಿಗೆ, ಚಾಪೆ, ಟವೆಲು ಮಗಳಿಗೆ, ಬಟ್ಟೆ ಜಾಲಿಸಿ ಹರವುವುದು ಯಜಮಾನರಿಗೆ. ನಿಮ್ಮ ದಣಿವು ತಗ್ಗಿದರೆ ಮಕ್ಕಳ ಮೇಲಿನ ನಿಗಾವೂ ಹೆಚ್ಚುತ್ತದೆ.

ಅಡುಗೆಯೂ ಸರಳವಾಗಿರಲಿ. ಸೆಕೆಗೆ ಬೇಗ ಹಳಸುವ ತೆಂಗಿನಕಾಯಿ ಚಟ್ನಿ, ಕಾಯಿ ಹಾಕಿದ ಚಿತ್ರಾನ್ನ ಬೇಡ. ಪುಳಿಯೋಗರೆ, ಚಪಾತಿ, ಉಪ್ಪಿನಕಾಯಿ ಒಳ್ಳೆಯದು. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದೇ ಚಮಚ ಮೊಸರು ಬೆರೆಸಿದರೆ ತಿನ್ನುವ ಹೊತ್ತಿಗೆ ಹುಳಿಯಾಗಿರುವುದಿಲ್ಲ.

ನೆನಪಿರಲಿ

* ಮಕ್ಕಳಿಗೆ ಕಿತ್ತಳೆ, ಕೆಂಪಿನಂಥ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ನೀಲಿ ಬಟ್ಟೆ ನೀರಿನಲ್ಲಿ ಕಾಣದು.

* ನಿಮ್ಮ ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಹೋದ ಕೂಡಲೇ ತೋರಿಸಿ.

* ಟೋಪಿ, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ.

* ಮಗುವಿಗೆ ತಲೆಸುತ್ತು, ವಾಂತಿ, ಮೈ ಸುಡುವಂತಾದರೆ ನೆರಳಿಗೆ ಕರೆತಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಹಾಕಿ. ಮಂಕಾದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

* ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಬೇಡಿ. ತುರ್ತು ನೆರವಿಗೆ 112.

* ಕಸ ತುಂಬಲು ಒಂದು ಚೀಲ ಒಯ್ಯಿರಿ. ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯುವುದು.

ಈ ಭಾನುವಾರವೇ ಯಾಕಾಗಬಾರದು? ಯಾರ ಪಾಳಿ ಯಾವಾಗ ಎಂದು ಇವತ್ತು ರಾತ್ರಿ ಊಟದ ಹೊತ್ತಿಗೆ ಮಕ್ಕಳ ಎದುರೇ ತೀರ್ಮಾನಿಸಿ. ಮೊದಲ ಪಾಳಿ ಮಾತ್ರ ಯಜಮಾನರದ್ದೇ ಆಗಿರಲಿ!