ಕಡಲತಡಿಯ ಗೆರೆಗಾರ ಹೆಬ್ಬಾರ್

ನಮ್ಮ ಬಳ್ಳಾರಿಯ ಮಕ್ಕಳಿಗೆ ಸಮುದ್ರವೆಂದರೆ ಅಟ್ಲಾಸಿನ ನೀಲಿ ಬಣ್ಣ, ಅಷ್ಟೆ. ಅಲೆಯ ಪಾಠ ಬಂದಾಗಲೆಲ್ಲ ನಾನು ಸಿರುಗುಪ್ಪದ ಭತ್ತದ ಗದ್ದೆಯನ್ನೇ ಉದಾಹರಣೆ ಕೊಡುತ್ತೇನೆ. ಗಾಳಿಗೆ ಪೈರು ನಿಂತಲ್ಲೇ ತೊನೆಯುತ್ತದೆ, ಮುಂದೆ ಸಾಗುವುದು ಅಲೆ ಮಾತ್ರ. ಕೆಲವು ವರ್ಷಗಳ ಹಿಂದೆ ಕುರುಗೋಡಿನ ಹುಡುಗನೊಬ್ಬ ಈ ಪಾಠ ಕೇಳಿ ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಅಲೆ, ದೋಣಿ, ಬಲೆ ಬರೆದಿದ್ದ. ಕೆಂಪು ಶಾಯಿಯಲ್ಲಿ ಗೀಟು ಹಾಕಿ ತಂದೆಯನ್ನು ಕರೆಸಿದೆ. “ಚಿತ್ರ ಬರದ್ರೆ ಹೊಟ್ಟೆ ತುಂಬತೈತೇನ್ರಿ ಸಾರ್, ನೀವೇ ಎರಡು ಬಿಡ್ರಿ” ಎಂದರು ಅವರು. ಹುಡುಗ ಮತ್ತೆ ಬರೆಯಲಿಲ್ಲ.

ಮುಂದೊಮ್ಮೆ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ, ಕೆ.ಕೆ. ಹೆಬ್ಬಾರರು ನಾಡಿಗೆ ಕೊಟ್ಟ ಚಿತ್ರಗಳ ಮುಂದೆ ನಿಂತಾಗ, ಆ ಕೆಂಪು ಗೀಟು ನೆನಪಾಗಿ ನಾಚಿಕೆಯಾಯಿತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಮೈಸೂರಿನಲ್ಲಿ ಕೆಲಕಾಲ ಕಲಿತು, ಮುಂಬೈಯ ಜೆ.ಜೆ. ಕಲಾಶಾಲೆ ಸೇರಿ, 1938ರಲ್ಲಿ ಡಿಪ್ಲೊಮಾ ಪಡೆದರು; ಮುಂದೆ ಅಲ್ಲೇ ಮೇಷ್ಟರೂ ಆದರು. ಲಯ ತಿಳಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರೆಂದರೆ ನೋಡಿ! ಕರಾವಳಿಯ ಮೀನುಗಾರರಾಗಲಿ, ಕುಣಿಯುವವರಾಗಲಿ, ಅವರಿಗೆ ನಾಲ್ಕಾರು ಗೆರೆ ಸಾಕು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ಗೆರೆ.

1949-50ರಲ್ಲಿ ಪ್ಯಾರಿಸ್ಸಿಗೆ ಹೋದವರು ಅಕಾಡೆಮಿ ಜೂಲಿಯನ್‌ನಲ್ಲಿ ಚಿತ್ರಕಲೆಯನ್ನೂ, ಎಕೋಲ್ ಎಸ್ತಿಯೆನ್‌ನಲ್ಲಿ ಕೊರೆದು ಅಚ್ಚು ಹಾಕುವ ವಿದ್ಯೆಯನ್ನೂ ಕಲಿತರು. ಈ ವಿದ್ಯೆಯಲ್ಲಿ ನಮ್ಮ ವಿಜ್ಞಾನವೂ ಇದೆ. ತಾಮ್ರದ ತಗಡಿನಲ್ಲಿ ಮೊನಚು ಉಳಿಯಿಂದ ಗೆರೆ ಕೊರೆದು, ಮಸಿ ಸವರಿ, ಮೇಲ್ಮೈ ಒರೆಸುತ್ತಾರೆ. ಗೆರೆಯ ಕುಳಿಯಲ್ಲಷ್ಟೇ ಮಸಿ ಉಳಿಯುತ್ತದೆ. ಮೇಲೆ ಕಾಗದವಿಟ್ಟು ರೋಲರುಗಳ ನಡುವೆ ಒತ್ತಬೇಕು. ಕಾಗದ ಒದ್ದೆಯಿರಬೇಕು, ಏಕೆ? ನೀರು ಕುಡಿದ ನಾರು ಮೆತ್ತಗಾಗಿ ಕುಳಿಯೊಳಗಿಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಚಿತ್ರ ಮಾತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದೆ. ತಗಡಿನಲ್ಲಿ ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸಲಾಗದು.

ಕೊರೆಯುವ ಕೆಲಸ ನಮ್ಮ ಜಿಲ್ಲೆಗೆ ಹೊಸತಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕರಿಕಲ್ಲನ್ನು ಕುಟ್ಟಿ ಕುಟ್ಟಿ ಎತ್ತುಗಳನ್ನು ಮೂಡಿಸಿದ್ದಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ನೀರಿನ ಬಾಟಲಿ ಮರೆಯಬೇಡಿ.

ಹೆಬ್ಬಾರರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ರೆಕಾರ್ಡಿನ ಅಂಚಿನ ಚಿತ್ರಕ್ಕೆ ನಾನೀಗ ಕೆಂಪು ಶಾಯಿ ಹಾಕುವುದಿಲ್ಲ. ಅಲೆಯುದ್ದದ ಲೆಕ್ಕ ತಪ್ಪಿದ್ದರೆ ಮಾತ್ರ ಅಂಕ ಕಡಿಯುತ್ತೇನೆ.