ಪುಣಜನೂರಿನ ಅಂಗಳದಲ್ಲಿ ಮರಿಯಾ ಮಾಂಟೆಸ್ಸರಿ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯು ಹೊಲತೋಟಗಳನ್ನು ಹಿಂದಿಕ್ಕಿ ಕಾಡಿನ ಅಂಚನ್ನು ಮುಟ್ಟುವ ಎಡೆಯಲ್ಲಿ ಪುಣಜನೂರು ಇದೆ. ಇದರಾಚೆ ಹಾಸನೂರು, ದಿಂಬಂ ಘಟ್ಟದ 27 ತಿರುವುಗಳು, ಬಣ್ಣಾರಿ. ಕಬ್ಬಿನ ಲಾರಿಗಳಿಗೆ ಅಡ್ಡನಿಂತು ತಮ್ಮ ಪಾಲನ್ನು ಎಳೆದುಕೊಳ್ಳುವ ಆನೆಗಳ ಸಂಗತಿಯೂ ಈ ದಾರಿಯ ಪ್ರಯಾಣಿಕರಿಗೆ ಹೊಸದಲ್ಲ. ಬಹುಪಾಲು ಜನರಿಗೆ ಪುಣಜನೂರು ಎಂದರೆ ತಪಾಸಣಾ ಠಾಣೆಯ ಮುಂದೆ ವಾಹನ ನಿಲ್ಲಿಸುವ ಸ್ಥಳ, ಅಷ್ಟೇ. ನಮಗೂ ಅದು ಅಷ್ಟೇ ಆಗಿತ್ತು.

ಆ ದಿನ ನಮ್ಮೊಡನೆ ಪರಿಚಯದ ಕುಟುಂಬವೊಂದು ಪ್ರಯಾಣ ಮಾಡುತ್ತಿತ್ತು. ತಂದೆ, ತಾಯಿ, ನಾಲ್ಕು ವರ್ಷದ ಗಂಡುಮಗು. ಮಗುವನ್ನು ಸೇರಿಸಿದ್ದ ಶಾಲೆಯವರು ಅದಕ್ಕೆ ಹಿಂದಿನ ವಾರವಷ್ಟೇ ಪೋಷಕರನ್ನು ಕರೆಸಿ, “ಇವನು ಒಂದೆಡೆ ಕುಳಿತುಕೊಳ್ಳುವುದಿಲ್ಲ, ಬರೆಯಲು ಹಟಮಾಡುತ್ತಾನೆ, ಬೇರೆ ಶಾಲೆ ನೋಡಿಕೊಳ್ಳುವುದು ಒಳಿತು” ಎಂದು ತಿಳಿಸಿದ್ದರು. ಶಾಲೆಯ ಹೆಸರು ಇಲ್ಲಿ ಬೇಡ. ಅದರ ನಾಮಫಲಕದಲ್ಲಿ ‘ಮಾಂಟೆಸ್ಸರಿ’ ಎಂಬ ಶಬ್ದವು ದೊಡ್ಡ ಅಕ್ಷರಗಳಲ್ಲಿ ಇತ್ತೆಂಬುದನ್ನು ಮಾತ್ರ ಹೇಳಬೇಕು. ಆ ತಾಯಿ ದಾರಿಯುದ್ದಕ್ಕೂ ಹೆಚ್ಚು ಮಾತನಾಡಿರಲಿಲ್ಲ.

ರಸ್ತೆಯಿಂದ ಸ್ವಲ್ಪ ಒಳಗೆ ನಿಂತಿದ್ದೆವು. ಮನೆಯೊಂದರ ಅಂಗಳದಲ್ಲಿ ನಾಲ್ಕೈದು ಸೋಲಿಗ ಮಕ್ಕಳು ಹುಣಿಸೆ ಬೀಜ ಹಾಗೂ ಹೊಂಗೆ ಕಾಯಿಗಳನ್ನು ಬೇರ್ಪಡಿಸುತ್ತ ಕುಳಿತಿದ್ದರು. ದೊಡ್ಡವಳಿಗೆ ಎಂಟು ವರ್ಷವಿರಬಹುದು, ಕಿರಿಯದಕ್ಕೆ ಮೂರು ತುಂಬಿರಲಾರದು. ನಮ್ಮ ಹುಡುಗ ಕೈ ಬಿಡಿಸಿಕೊಂಡು ಹೋಗಿ ಅವರ ನಡುವೆ ಕುಕ್ಕರುಗಾಲಿನಲ್ಲಿ ಕುಳಿತ. ಯಾರೂ ಅವನಿಗೆ ಏನನ್ನೂ ಹೇಳಿಕೊಡಲಿಲ್ಲ. ದೊಡ್ಡ ಹುಡುಗಿ ತನ್ನ ಕೆಲಸವನ್ನು ತುಸು ನಿಧಾನಗೊಳಿಸಿದಳು, ಇವನು ನೋಡಿದ, ಬಳಿಕ ಮಾಡತೊಡಗಿದ. ಅರ್ಧ ಗಂಟೆ ಕಳೆದರೂ ಏಳಲಿಲ್ಲ. “ಕುಳಿತುಕೊಳ್ಳುವುದಿಲ್ಲ ಎಂದವರು ಇದನ್ನು ನೋಡಬೇಕಿತ್ತು” ಎಂದು ತಾಯಿ ಮೆಲ್ಲನೆ ಹೇಳಿದರು. ನಮಗೆ ನೆನಪಾದದ್ದು ರೋಮಾಪುರಿಯ ಒಂದು ಬಡ ಕೇರಿ.

1907ರ ಜನವರಿ 6, ಮೂರು ರಾಯರ ಹಬ್ಬ. ರೋಮಿನ ಸಾನ್ ಲೊರೆಂಜೊ ಎಂಬ ಕಾರ್ಮಿಕರ ಬಡಾವಣೆಯಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ‘ಮಕ್ಕಳ ಮನೆ’ಯನ್ನು ತೆರೆದರು. ಇದರ ಹಿಂದಿನ ಪ್ರೇರಣೆಯು ಮೊದಲಿಗೆ ಅಷ್ಟೇನೂ ಉದಾತ್ತವಾಗಿರಲಿಲ್ಲವೆಂಬುದು ಅನೇಕರಿಗೆ ತಿಳಿಯದು. ತಂದೆತಾಯಿಗಳು ದುಡಿಯಲು ಹೋದಾಗ ಚಿಕ್ಕ ಮಕ್ಕಳು ಮೆಟ್ಟಿಲು ಗೋಡೆಗಳನ್ನು ಹಾಳುಗೆಡಹುತ್ತಿದ್ದರು. ಅವರನ್ನು ಒಂದು ಕೊಠಡಿಯಲ್ಲಿ ಕೂಡಿಹಾಕಲು ಯಾರಾದರೂ ಬೇಕೆಂದು ಕಟ್ಟಡದ ವ್ಯವಸ್ಥಾಪಕರು ಬಯಸಿದರು. ಅಲ್ಲಿಗೆ ಬಂದವರು ಮೂರರಿಂದ ಆರು ವರ್ಷದ ಸುಮಾರು ಐವತ್ತು ಮಕ್ಕಳು. ನೋಡಿಕೊಳ್ಳಲು ಶಿಕ್ಷಕ ತರಬೇತಿಯಿಲ್ಲದ ಒಬ್ಬ ಹೆಣ್ಣುಮಗಳು.

ಆ ಕೊಠಡಿಯಲ್ಲಿ ನಡೆದ ಕೆಲವು ಘಟನೆಗಳನ್ನು ಮಾಂಟೆಸ್ಸರಿಯವರೇ ಬರೆದಿಟ್ಟಿದ್ದಾರೆ. ಮೂರು ವರ್ಷದ ಬಾಲೆಯೊಬ್ಬಳು ಮರದ ಉರುಳೆಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸಿ ಮತ್ತೆ ತೆಗೆಯುವ ಕೆಲಸವನ್ನು ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದಳು. ಸುತ್ತಲೂ ಮಕ್ಕಳಿಂದ ಹಾಡಿಸಿದರೂ, ಅವಳ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ ಅವಳ ಗಮನ ಕದಲಲಿಲ್ಲ. ಇನ್ನೊಮ್ಮೆ ಬೀರುವಿಗೆ ಬೀಗ ಹಾಕಲು ಶಿಕ್ಷಕಿ ಮರೆತರು. ಮಕ್ಕಳು ತಾವೇ ಬೇಕಾದುದನ್ನು ಆರಿಸಿ ತೆಗೆದುಕೊಂಡು ಕೆಲಸಕ್ಕೆ ಕುಳಿತಿದ್ದರು. ಅವರನ್ನು ಕಳ್ಳರೆಂದು ಶಿಕ್ಷಿಸಬೇಕೆಂದುಕೊಂಡರು ಶಿಕ್ಷಕಿ. ಮಾಂಟೆಸ್ಸರಿಯವರು ಬೀರುವನ್ನೇ ತೆಗೆಸಿ, ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳನ್ನು ಮಾಡಿಸಿದರು. ಮತ್ತೊಂದು ದಿನ ಮೂಗು ಒರೆಸಿಕೊಳ್ಳುವ ಬಗೆಯನ್ನು ಸದ್ದಿಲ್ಲದೆ ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಮೂಗು ಸೋರುತ್ತದೆಂದು ಸದಾ ಬೈಸಿಕೊಳ್ಳುತ್ತಿದ್ದ ಆ ಕಂದಮ್ಮಗಳಿಗೆ ಅವಮಾನಿಸದೆ ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಈ ಪದ್ಧತಿಯ ಒಂದು ನಿಯಮವು ನಮ್ಮ ಮನೆಗಳಿಗೆ ವಿಚಿತ್ರವಾಗಿ ಕಾಣಬಹುದು. ಒಂದು ಬಗೆಯ ಸಾಧನ ತರಗತಿಗೆಲ್ಲ ಒಂದೇ ಇರಬೇಕು. ಐವತ್ತು ಮಕ್ಕಳಿಗೆ ಐವತ್ತು ಕೊಳ್ಳುವಷ್ಟು ಹಣವಿದ್ದರೂ ಕೊಳ್ಳಬಾರದು. ಒಬ್ಬನು ಬಳಸುತ್ತಿರುವಾಗ ಮತ್ತೊಬ್ಬನು ಕಾಯುತ್ತಾನೆ. ಮುಗಿಸಿದವನು ಮುಂದಿನವನಿಗಾಗಿ ಅದನ್ನು ಒಪ್ಪವಾಗಿ ಸ್ವಸ್ಥಾನದಲ್ಲಿಡುತ್ತಾನೆ. ಮೂರು, ನಾಲ್ಕು, ಐದರ ಮಕ್ಕಳು ಬೇರೆ ಬೇರೆ ಕೊಠಡಿಗಳಲ್ಲಿ ಹಂಚಿಹೋಗದೆ ಒಟ್ಟಿಗಿರುವುದರಿಂದ ಹಿರಿಯದು ಕಿರಿಯದಕ್ಕೆ ಗುಂಡಿ ಹಾಕುತ್ತದೆ, ಕಿರಿಯದು ಹಿರಿಯದನ್ನು ನೋಡಿ ಕಲಿಯುತ್ತದೆ. ಪುಣಜನೂರಿನ ಆ ಅಂಗಳದಲ್ಲಿ ನಾವು ಕಂಡದ್ದೂ ಇದೇ. ಅಲ್ಲಿ ಅದಕ್ಕೆ ಹೆಸರಿರಲಿಲ್ಲ, ಶುಲ್ಕವೂ ಇರಲಿಲ್ಲ.

ಮಾಂಟೆಸ್ಸರಿಯವರು ಭಾರತಕ್ಕೆ ಬಂದದ್ದು 1939ರ ನವೆಂಬರಿನಲ್ಲಿ, ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿದೇವಿಯವರ ಆಹ್ವಾನದ ಮೇರೆಗೆ, ಮದರಾಸಿನ ಅಡಯಾರಿಗೆ. ಥಿಯಸಾಫಿಕಲ್ ಸೊಸೈಟಿಯ ಆಶ್ರಯದಲ್ಲಿ ಅವರು ಪಾಠ ಮಾಡಿದುದನ್ನು ಕಥೋಲಿಕರಲ್ಲಿ ಕೆಲವರು ಸಂಶಯದಿಂದ ನೋಡಿದ್ದುಂಟು. ಆದರೆ ಅವರು ಕೊನೆಯವರೆಗೂ ಕಥೋಲಿಕರಾಗಿಯೇ ಬಾಳಿ, 1952ರ ಮೇ 6ರಂದು ನೆದರ್ಲೆಂಡಿನ ನೂರ್ಡ್‌ವೈಕ್‌ನಲ್ಲಿ ನಿಧನರಾಗಿ, ಅಲ್ಲಿಯ ಕಥೋಲಿಕ ಸ್ಮಶಾನದಲ್ಲಿ ಸಮಾಧಿಯಾದರು. ಕೆಲವೇ ತಿಂಗಳಿಗೆಂದು ಬಂದವರನ್ನು ಯುದ್ಧವು ಇಲ್ಲಿಯೇ ಕಟ್ಟಿಹಾಕಿತು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿದೊಡನೆ ಅವರು ಶತ್ರುರಾಷ್ಟ್ರದ ಪ್ರಜೆಯಾದರು. ಜೊತೆಗಿದ್ದ ಮಾರಿಯೊ ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಮಾರಿಯೊ ಅವರ ಮಗನೇ. ಆದರೆ ವಿವಾಹವಿಲ್ಲದೆ ಹುಟ್ಟಿದವನೆಂಬ ಕಾರಣಕ್ಕೆ ಮಗುವಾಗಿದ್ದಾಗ ಹಳ್ಳಿಯೊಂದರಲ್ಲಿ ಬೇರೆಯವರ ಮನೆಯಲ್ಲಿ ಬೆಳೆದಿದ್ದವರು. ಲೋಕದ ಮುಂದೆ ಅವರನ್ನು ಸೋದರಳಿಯನೆಂದೇ ಪರಿಚಯಿಸಲಾಗುತ್ತಿತ್ತು. ಆಗಸ್ಟ್ 31, ಮಾಂಟೆಸ್ಸರಿಯವರ ಎಪ್ಪತ್ತನೆಯ ಹುಟ್ಟುಹಬ್ಬದಂದು, ವೈಸರಾಯರು ಅವರಿಗೆ ‘ನಿಮ್ಮ ಮಗ’ನನ್ನು ಮರಳಿಸುತ್ತಿರುವುದಾಗಿ ತಿಳಿಸಿ ಮಾರಿಯೊ ಅವರನ್ನು ಬಿಡುಗಡೆ ಮಾಡಿದರು. ಜಗತ್ತಿನ ಮಕ್ಕಳನ್ನು ಕುರಿತು ಬರೆದ ಈ ಮಹಿಳೆಗೆ ತನ್ನ ಒಬ್ಬನೇ ಮಗನ ಶೈಶವವು ದಕ್ಕಿರಲಿಲ್ಲ. ಇದನ್ನು ಅಪವಾದದ ಸಂಗತಿಯಾಗಿ ಹೇಳುವವರಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ.

1942ರಿಂದ ಎರಡು ವರ್ಷ ಕೊಡೈಕನಾಲಿನಲ್ಲಿದ್ದಾಗ ಎಲ್ಲ ವಯಸ್ಸಿನ ಮಕ್ಕಳ ಒಂದು ಚಿಕ್ಕ ಶಾಲೆ ಅವರ ಸುತ್ತ ಬೆಳೆಯಿತು. ಗಿಡ, ಕಲ್ಲು, ಹುಳುಗಳ ನಡುವೆ ಅಲ್ಲಿ ಮಾಡಿದ ಪಾಠಗಳಿಂದಲೇ ಆರು ದಾಟಿದ ಮಕ್ಕಳ ಶಿಕ್ಷಣ ಕುರಿತ ಅವರ ಚಿಂತನೆಯು ಬಲಿತಿತು.

ಆದರೆ ನಮ್ಮ ಊರುಗಳಿಗೆ ಈ ವಿದ್ಯೆ ಬಂದ ದಾರಿ ಬೇರೆ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಅವರಿಗೆ ಈ ಪದ್ಧತಿಯು ಪಟ್ಟಣದ ಉಳ್ಳವರ ಮಕ್ಕಳಿಗೆ ಮಾತ್ರ ಮೀಸಲಾಗುತ್ತಿದೆಯೆಂಬ ಕೊರಗಿತ್ತು. 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಕೋಸಬಾಡ ಗುಡ್ಡದಲ್ಲಿ, ಅನುತಾಯಿ ವಾಘ್ ಅವರೊಂದಿಗೆ ವಾರ್ಲಿ ಗಿರಿಜನರ ಮಕ್ಕಳ ನಡುವೆ ಅವರು ಕೆಲಸಕ್ಕಿಳಿದರು. ಇಟಲಿಯ ನುಣುಪಾದ ಮರದ ಸಾಧನಗಳ ಸ್ಥಾನದಲ್ಲಿ ಬೆಣಚುಕಲ್ಲು, ಚಿಪ್ಪು, ಬೀಜ, ಎಲೆ, ಬಿದಿರು ಬಂದವು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ದನ ಮೇಯಿಸಲು ಹೋದವರನ್ನು ಅರಸಿ ಹುಲ್ಲುಗಾವಲಿಗೂ ಹೋಯಿತು. ‘ಅಂಗನವಾಡಿ’ ಎಂಬ ಕಲ್ಪನೆ ಮೈದಳೆದದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಟಿ. ನರಸೀಪುರ. ಚಾಮರಾಜನಗರವೂ ಆಗ ಅದೇ ಮೈಸೂರು ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. 2024ರಲ್ಲಿ ರಾಜ್ಯ ಸರಕಾರವು ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಿಂದ ಮೇಲ್ದರ್ಜೆಗೇರಿಸಲು ಮುಂದಾಯಿತು. ಮೊಮ್ಮಗಳಿಗೆ ಅಜ್ಜಿಯ ಹೆಸರಿಟ್ಟಂತೆ ಎನ್ನಬಹುದು. ಹೆಸರಿನೊಂದಿಗೆ ತೆರೆದ ಕಪಾಟೂ ಬರುವುದೇ ಎಂಬುದು ಬೇರೆ ಪ್ರಶ್ನೆ. ಮಾಂಟೆಸ್ಸರಿ ಎಂಬ ಹೆಸರಿಗೆ ಒಡೆಯರಿಲ್ಲ. ಯಾರು ಬೇಕಾದರೂ ಫಲಕದಲ್ಲಿ ಬರೆಸಿಕೊಳ್ಳಬಹುದು.

ಸೋಲಿಗ ಮಕ್ಕಳ ಬಾಳನ್ನು ಬಣ್ಣಿಸಿ ನಾವು ಮೈಮರೆಯಬಾರದು. ಕಾಡಿನಲ್ಲಿ ಹಿರಿಯರ ಹಿಂದೆ ನಡೆದು ಜೇನು, ಗೆಡ್ಡೆ, ಸೊಪ್ಪುಗಳ ಗುರುತು ಕಲಿತ ಮಗು ಆರನೆಯ ವಯಸ್ಸಿಗೆ ಶಾಲೆಯ ಬೆಂಚಿನಲ್ಲಿ ಏನೂ ತಿಳಿಯದವನೆನಿಸಿಕೊಳ್ಳುತ್ತದೆ. ಅದರ ಮನೆಮಾತು ಕನ್ನಡಕ್ಕೆ ಹತ್ತಿರದ್ದಾದರೂ ಪಠ್ಯದ ಕನ್ನಡವಲ್ಲ. ಈ ಅಂತರವನ್ನು ಕಂಡೇ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ, ಆಸ್ಪತ್ರೆಯೊಂದಿಗೆ ಶಾಲೆಯನ್ನೂ ನಡೆಸಿದರು. 2011ರಲ್ಲಿ ಈ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕೂ ದೊರೆಯಿತು. ಅಂಗಳದಲ್ಲಿ ಬೀಜ ಆರಿಸುವ ಮಕ್ಕಳಿಗೆ ಆ ಹಕ್ಕುಪತ್ರವನ್ನು ಓದಲೂ ಬರಬೇಕಲ್ಲವೇ?

ಓದು ಎಂದಾಗ ಅಕ್ಷರದ ಮಾತು. ಒರಟು ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸುತ್ತ ಅದರ ಉಲಿಯನ್ನು ನುಡಿಯುವುದು ಮಾಂಟೆಸ್ಸರಿಯವರ ಕ್ರಮ. ನಮ್ಮ ಹಿರಿಯರು ಕೂಲಿಮಠದಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದುತ್ತಿದ್ದುದು ಇದರ ಬಳಗವೇ. ಇಟಾಲಿಯನ್ನಿನಂತೆ ಕನ್ನಡವೂ ನುಡಿದಂತೆ ಬರೆಯುವ ಭಾಷೆಯಾದುದರಿಂದ ಈ ಪದ್ಧತಿ ನಮಗೆ ಚೆನ್ನಾಗಿ ಒಗ್ಗುತ್ತದೆ. ತೊಡಕಿರುವುದು ಗುಣಿತ ಮತ್ತು ಒತ್ತಕ್ಷರಗಳಲ್ಲಿ. ಕ, ಕಾ, ಕಿ, ಕೀ ಎಂದು ಪ್ರತಿಯೊಂದನ್ನೂ ಬೇರೆಯಾಗಿ ಕತ್ತರಿಸಿದರೆ ನಾನೂರಕ್ಕೂ ಮಿಕ್ಕಿದ ತುಂಡುಗಳಾಗುತ್ತವೆ. ಇಳಿ, ಗುಡಿಸು, ಕೊಂಬು, ಏತ್ವಗಳನ್ನು ಪ್ರತ್ಯೇಕ ಬಣ್ಣದಲ್ಲಿ ಮಾಡಿಕೊಂಡು ಮಗುವೇ ಜೋಡಿಸುವಂತೆ ಇಟ್ಟರೆ ಒಂದು ಪೆಟ್ಟಿಗೆ ಸಾಕು. ಇದಕ್ಕೆ ಊರಿನ ಬಡಗಿಯೊಬ್ಬ, ತಾಳ್ಮೆಯುಳ್ಳ ತಾಯಿಯೊಬ್ಬಳು ಬೇಕು. ಹೊರನಾಡಿನ ಸಾಮಗ್ರಿಯೇನೂ ಬೇಡ.

ನಮ್ಮ ಧರ್ಮಕೇಂದ್ರಗಳ ಭಾನುವಾರದ ಜ್ಞಾನೋಪದೇಶಕ್ಕೂ ಇದು ಸಂಬಂಧಿಸಿದ ವಿಷಯವೆಂಬುದು ಎಷ್ಟು ಮಂದಿಗೆ ಗೊತ್ತು? ಕಳೆದ ಶತಮಾನದ ಎರಡನೆಯ ದಶಕದಲ್ಲಿ ಬಾರ್ಸೆಲೋನದಲ್ಲಿ ಮಾಂಟೆಸ್ಸರಿಯವರು ಮಕ್ಕಳ ಅಳತೆಗೆ ತಕ್ಕ ಪೀಠ, ಪೂಜಾಪಾತ್ರೆಗಳನ್ನಿರಿಸಿದ ಒಂದು ಕೊಠಡಿಯನ್ನು ಸಿದ್ಧಪಡಿಸಿದರು. ಮಕ್ಕಳು ಗೋಧಿ ಬಿತ್ತಿದರು, ದ್ರಾಕ್ಷಿ ಬಳ್ಳಿಯನ್ನು ಸಾಕಿದರು. ಬಲಿಪೂಜೆಯ ರೊಟ್ಟಿ ದ್ರಾಕ್ಷಾರಸಗಳು ಎಲ್ಲಿಂದ ಬರುತ್ತವೆಂಬುದನ್ನು ಪ್ರಶ್ನೋತ್ತರದಿಂದಲ್ಲ, ತಮ್ಮ ಕೈಗಳಿಂದ ತಿಳಿದರು. 1954ರಲ್ಲಿ ರೋಮಿನಲ್ಲಿ ಸೋಫಿಯಾ ಕವಲ್ಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು ಇದನ್ನೇ ಮುಂದುವರಿಸಿ ‘ಒಳ್ಳೆಯ ಕುರಿಗಾಹಿಯ ಜ್ಞಾನೋಪದೇಶ’ವನ್ನು ರೂಪಿಸಿದರು. ಸಂತ ಯೊವಾನ್ನರ ಶುಭಸಂದೇಶದ ಕುರಿಗಾಹಿಯ ಸಾಮತಿಯನ್ನು ಪುಟ್ಟ ಮರದ ಕುರಿಗಳು, ಒಂದು ಹಟ್ಟಿ, ಒಬ್ಬ ಕುರುಬನ ಆಕೃತಿಯೊಂದಿಗೆ ಹೇಳಿ, ಬಳಿಕ ಮಗುವಿನ ಪಾಡಿಗೆ ಬಿಡುತ್ತಾರೆ. ಮೇಕೆ ಕುರಿಗಳ ನಡುವೆ ಬೆಳೆಯುವ ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಆದರೂ ನಾವು ನಾಲ್ಕು ವರ್ಷದವರಿಂದ ಹತ್ತು ಕಟ್ಟಳೆಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಕೊಂಡು ಬಹುಮಾನ ಕೊಡುತ್ತಿದ್ದೇವೆ.

ಈ ವಿಚಾರವನ್ನು ಪರಿಚಯದ ಧರ್ಮಭಗಿನಿಯೊಬ್ಬರಲ್ಲಿ ಪ್ರಸ್ತಾಪಿಸಿದಾಗ ಅವರು ನಕ್ಕು, “ಒಬ್ಬಳು ಶಿಕ್ಷಕಿ, ನಲವತ್ತೈದು ಮಕ್ಕಳು. ಮೂರು ತಿಂಗಳಾದರೂ ಮಗು ಇಂಗ್ಲಿಷಿನಲ್ಲಿ ಹೆಸರು ಬರೆಯದಿದ್ದರೆ ಪೋಷಕರೇ ಬಂದು ಜಗಳವಾಡುತ್ತಾರೆ. ನಾನು ಕಪಾಟು ತೆರೆದಿಡಲೋ, ಅವರ ಬಾಯಿ ಮುಚ್ಚಿಸಲೋ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಗಳನ್ನು ದೂರುವ ನಾವೇ ಅವುಗಳಿಂದ ಬರೆದು ತುಂಬಿಸಿದ ಪುಸ್ತಕಗಳನ್ನು ಬೇಡುವವರು.

ಅಂದಿನ ಪ್ರಯಾಣದಲ್ಲಿ ಜೊತೆಗಿದ್ದ ತಂದೆ ಈಗ ಮನೆಯ ಒಂದು ಮೂಲೆಯಲ್ಲಿ ಎರಡು ಹಲಗೆಗಳ ತಗ್ಗು ಕಪಾಟನ್ನು ಮಾಡಿಸಿದ್ದಾರೆ. ಅದರಲ್ಲಿ ಒಂದು ಚಿಕ್ಕ ಹಿತ್ತಾಳೆಯ ಚೆಂಬು, ಎರಡು ಲೋಟ, ಒರೆಸುವ ಬಟ್ಟೆ, ಮರಳುಕಾಗದದ ಏಳು ಅಕ್ಷರಗಳು. ಹೊಸ ಶಾಲೆ ಇನ್ನೂ ನಿಶ್ಚಯವಾಗಿಲ್ಲ. ಕಳೆದ ಬಾರಿ ನಾವು ಹೋದಾಗ ಹುಡುಗ ಚೆಂಬಿನಿಂದ ಲೋಟಕ್ಕೆ ನೀರು ಸುರಿಯುತ್ತಿದ್ದ. ಅರ್ಧ ನೆಲಕ್ಕೆ ಚೆಲ್ಲಿತು. ತಾಯಿ ಏಳಲು ಹೋಗಿ ಮತ್ತೆ ಕುಳಿತರು. ಅವನು ಬಟ್ಟೆ ತಂದು ಒರೆಸಿ, ಅದನ್ನು ಹಿಂಡಿ ಒಣಹಾಕಿ ಬಂದು, ಹುಣಿಸೆ ಬೀಜದ ಅಕ್ಕನ ಮನೆಗೆ ಮತ್ತೆ ಯಾವಾಗ ಹೋಗುವುದೆಂದು ನಮ್ಮನ್ನು ಕೇಳಿದ.